ಚಳಿ ಕಂಡರಾಗದ ಎಂಜಿನ್, ಐಸ್ ಮಾಡುತ್ತಿದ್ದ ಎಂಜಿನಿಯರ್

ಲಡಾಖ್‌ನಲ್ಲಿ ಚಳಿಗಾಲದ ಬೆಳಿಗ್ಗೆ ಲಾರಿ ಸ್ಟಾರ್ಟ್ ಮಾಡೋದು ಅಂದ್ರೆ ಬರೀ ಕೀ ತಿರುಗಿಸೋದಲ್ಲ. ಟ್ಯಾಂಕಿನ ಕೆಳಗೆ ಬೆಂಕಿ ಇಟ್ಟು ಡೀಸೆಲ್ ಕಾಯಿಸಿದ ಡ್ರೈವರ್‌ಗಳಿದ್ದಾರೆ, ರಾತ್ರಿಯಿಡೀ ಎಂಜಿನ್ ಆಫ್ ಮಾಡದೆ ಬಿಟ್ಟವರೂ ಇದ್ದಾರೆ. ಈ ಪಾಡಿನ ಬೇರು ರುಡಾಲ್ಫ್ ಡೀಸೆಲ್‌ನ ಮೂಲ ಐಡಿಯಾದಲ್ಲೇ ಇದೆ. ತಮಾಷೆ ಏನಂದ್ರೆ, ಆತ ಹೊಟ್ಟೆಪಾಡಿಗೆ ಮೊದಲು ಮಾಡಿದ್ದು ಐಸ್ ಫ್ಯಾಕ್ಟರಿ ಕೆಲಸ.

ಹುಟ್ಟಿದ್ದು 1858ರಲ್ಲಿ, ಪ್ಯಾರಿಸ್‌ನಲ್ಲಿ. ಅಪ್ಪ ಜರ್ಮನಿಯಿಂದ ಬಂದ ಬುಕ್ ಬೈಂಡರ್. 1870ರ ಯುದ್ಧದಲ್ಲಿ ಕುಟುಂಬ ಊರು ಬಿಟ್ಟು ಲಂಡನ್‌ಗೆ ಓಡಬೇಕಾಯ್ತು. ಹುಡುಗನನ್ನು ಓದಲು ಆಗ್ಸ್‌ಬರ್ಗ್‌ನ ನೆಂಟರ ಮನೆಗೆ ಕಳಿಸಿದರು. ಮುಂದೆ ಮ್ಯೂನಿಕ್‌ನಲ್ಲಿ ಸಿಕ್ಕ ಮೇಷ್ಟ್ರು ಕಾರ್ಲ್ ಲಿಂಡೆ, ಶೈತ್ಯೀಕರಣ ಯಂತ್ರಗಳ ದೊಡ್ಡ ಹೆಸರು. ಹಬೆ ಎಂಜಿನ್ ತನಗೆ ಕೊಟ್ಟ ಶಾಖದಲ್ಲಿ ಶೇ 90ರಷ್ಟನ್ನು ಪೋಲು ಮಾಡುತ್ತೆ ಎಂಬುದು ಡೀಸೆಲ್ ತಲೆ ಹೊಕ್ಕಿದ್ದು ಅವರ ಕ್ಲಾಸಿನಲ್ಲೇ. 1880ರಲ್ಲಿ ಅದೇ ಲಿಂಡೆಯವರ ಐಸ್ ಯಂತ್ರಗಳ ಕೆಲಸಕ್ಕೆ ಪ್ಯಾರಿಸ್‌ಗೆ ವಾಪಸ್ ಬಂದ.

ಹಗಲು ಐಸ್, ತಲೆಯಲ್ಲಿ ಬೆಂಕಿ. ಗಾಳಿಯನ್ನು ಜೋರಾಗಿ ಅದುಮಿದರೆ ಬಿಸಿಯಾಗುತ್ತೆ, ಸೈಕಲ್ ಪಂಪ್ ಹೊಡೆದವರಿಗೆಲ್ಲ ಗೊತ್ತು. ಆ ಬಿಸಿಗೇ ಇಂಧನ ಹೊತ್ತಿಕೊಂಡರೆ ಕಿಡಿ ಯಾಕೆ ಬೇಕು? ಇಷ್ಟೇ ಆತನ ಹಟ. 1893ರ ಮೊದಲ ಪ್ರಯೋಗದಲ್ಲಿ ಸ್ಫೋಟವಾಗಿ ಪ್ರಾಣ ಹೋಗೋದರಲ್ಲಿತ್ತು. 1897ರಲ್ಲಿ ಆಗ್ಸ್‌ಬರ್ಗ್‌ನ ಎಂಜಿನ್ ಇಂಧನದ ಶಕ್ತಿಯಲ್ಲಿ ಶೇ 26ರಷ್ಟನ್ನು ಕೆಲಸಕ್ಕೆ ತಿರುಗಿಸಿ ತೋರಿಸಿತು.

ಆದ್ರೆ ಕಿಡಿ ಬಿಟ್ಟ ಎಂಜಿನ್‌ಗೆ ಬಿಸಿ ಬಿಟ್ಟರೆ ಬೇರೆ ಗತಿಯಿಲ್ಲ. ಮೈನಸ್ 30ರಲ್ಲಿ ಆಯಿಲ್ ಅಂಟಿನಂತಾಗುತ್ತೆ, ಬ್ಯಾಟರಿ ಸೋಲುತ್ತೆ, ಪಿಸ್ಟನ್ ನಿಧಾನ ಏಳುತ್ತೆ. ಅಷ್ಟರಲ್ಲಿ ಅದುಮಿದ ಗಾಳಿಯ ಬಿಸಿಯನ್ನು ತಣ್ಣನೆಯ ಕಬ್ಬಿಣ ಹೀರಿಬಿಡುತ್ತೆ. ಅದಕ್ಕೂ ಮೊದಲು ಡೀಸೆಲ್‌ನಲ್ಲಿರುವ ಮೇಣ ಹೆಪ್ಪುಗಟ್ಟಿ ಫಿಲ್ಟರ್ ಕಟ್ಟಿಕೊಂಡಿರುತ್ತೆ.

ಡೀಸೆಲ್ ಬದುಕಿದ್ದಾಗಲೇ ಆತನ ಎಂಜಿನ್ ಹಿಮದ ನಾಡು ಕಂಡಿತ್ತು. 1910ರಲ್ಲಿ ಅಮುಂಡ್ಸೆನ್ ದಕ್ಷಿಣ ಧ್ರುವಕ್ಕೆಂದು ಹೊರಟ ಫ್ರಾಮ್ ಹಡಗಿನಲ್ಲಿ ಹಬೆ ಎಂಜಿನ್ ಕಿತ್ತು 180 ಅಶ್ವಶಕ್ತಿಯ ಡೀಸೆಲ್ ಕೂರಿಸಿದ್ದರು. ಬಾಯ್ಲರ್ ಉರಿಸಿಕೊಂಡೇ ಇರುವ ರಗಳೆ ಇಲ್ಲ, ಬೇಕಾದಾಗ ಚಾಲೂ. ಆದ್ರೆ ನನ್ನ ಪ್ರಕಾರ ಅದು ಸುಲಭದ ಪರೀಕ್ಷೆ. ಹಡಗಿನ ಸುತ್ತ ನೀರಿರುತ್ತೆ, ಸಮುದ್ರದ ನೀರು ಸುಮಾರು ಮೈನಸ್ 2ಕ್ಕೇ ಹೆಪ್ಪುಗಟ್ಟುವುದರಿಂದ ಅದಕ್ಕಿಂತ ತಣ್ಣಗಾಗೋದಿಲ್ಲ. ಬಯಲಲ್ಲಿ ರಾತ್ರಿ ಕಳೆಯುವ ಲಾರಿಗೆ ಆ ಹೊದಿಕೆ ಎಲ್ಲಿ?

ಲಾರಿಗಳ ಕಾಲ ನೋಡಲು ಡೀಸೆಲ್ ಇರಲಿಲ್ಲ. ಪೇಟೆಂಟ್ ಜಗಳ, ಕೆಟ್ಟ ಆರೋಗ್ಯ, ಮೇಲೆ ಸಾಲ. 1913ರ ಸೆಪ್ಟೆಂಬರ್ 29ರ ರಾತ್ರಿ ಆಂಟ್ವರ್ಪ್‌ನಿಂದ ಇಂಗ್ಲೆಂಡ್‌ಗೆ ಹೊರಟ ಹಡಗಿನಲ್ಲಿ ಊಟ ಮುಗಿಸಿ ಕ್ಯಾಬಿನ್‌ಗೆ ಹೋದವನು ಬೆಳಿಗ್ಗೆ ಇರಲಿಲ್ಲ. ಕೆಲ ದಿನಗಳ ನಂತರ ಸಮುದ್ರದಲ್ಲಿ ಸಿಕ್ಕ ಶವದ ಮೇಲಿದ್ದ ವಸ್ತುಗಳನ್ನು ಮಗ ಗುರುತಿಸಿದ. ಆತ್ಮಹತ್ಯೆಯೋ ಬೇರೆಯೋ, ಇವತ್ತಿಗೂ ಇತ್ಯರ್ಥವಾಗಿಲ್ಲ.

ಉಳಿದವರು ಆತನ ಎಂಜಿನ್‌ಗೆ ಬಿಸಿ ತುಂಬುತ್ತಲೇ ಬಂದರು: ಸಿಲಿಂಡರ್ ಕಾಯಿಸಲು ಗ್ಲೋ ಪ್ಲಗ್, ಕೂಲೆಂಟ್ ಕಾಯಿಸಲು ಹೀಟರ್. ಲಡಾಖ್‌ಗೆ ಮೈನಸ್ 33ರವರೆಗೂ ಹರಿಯುವ ಚಳಿಗಾಲದ ಡೀಸೆಲ್ ಬಂದಿದ್ದು 2019ರ ನವೆಂಬರ್‌ನಲ್ಲಿ, ಆತ ಕಾಣೆಯಾಗಿ 106 ವರ್ಷಗಳ ಮೇಲೆ.