ಕೋತಿಮರಿಗೂ ಜಾಗವಿದ್ದ ಆಸ್ಪತ್ರೆ: ಲಾಂಬರೆನೆಯ ಡಾಕ್ಟರ್ ಆಲ್ಬರ್ಟ್ ಶ್ವೈಟ್ಜರ್ ಬದುಕು

ಮಧ್ಯ ಆಫ್ರಿಕಾದ ಗ್ಯಾಬನ್ ಕಾಡುಗಳಲ್ಲಿ ಕೋತಿಯನ್ನು ಮಾಂಸಕ್ಕಾಗಿ ಬೇಟೆಯಾಡುವುದು ಸಾಮಾನ್ಯ. ಬೇಟೆಗಾರನ ಗುಂಡಿಗೆ ಎಷ್ಟೋ ಸಲ ಮರಿ ಇರುವ ತಾಯಿಯೇ ಬೀಳುತ್ತಿತ್ತು. ಸಾಯುತ್ತಿರುವ ತಾಯಿಯನ್ನು ಬಿಡದೆ ಅಪ್ಪಿಕೊಂಡು ಅಳುವ ಆ ಮರಿಗಳ ಬಗ್ಗೆ ಒಬ್ಬ ಡಾಕ್ಟರ್ ಆಫ್ರಿಕಾ ಕುರಿತ ತಮ್ಮ ಮೊದಲ ಪುಸ್ತಕದಲ್ಲೇ ಬರೆದರು. ಮುಂದೆ, ತಬ್ಬಲಿ ಮರಿಗಳನ್ನು ತಂದುಕೊಟ್ಟವರಿಗೆ ಸಣ್ಣ ಉಡುಗೊರೆ ಕೊಡುವ ರೂಢಿಯನ್ನೂ ಇಟ್ಟುಕೊಂಡರು. ಹಾಗೆ ಬಂದ ಕೋತಿ, ಚಿಂಪಾಂಜಿ ಮರಿಗಳು ಆಸ್ಪತ್ರೆಯ ಅಂಗಳದಲ್ಲಿ ನರ್ಸ್‌ಗಳ ಕೈಯಲ್ಲಿ ಬೆಳೆದವು.

ಆ ಡಾಕ್ಟರ್ ಹೆಸರು ಆಲ್ಬರ್ಟ್ ಶ್ವೈಟ್ಜರ್. 1952ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಮಿಷನರಿ ವೈದ್ಯ. ಇರುವೆಗೂ ಮರುಗಿದ ಈ ವ್ಯಕ್ತಿ ತಮ್ಮ ಜೊತೆಗಿದ್ದ ಆಫ್ರಿಕನ್ನರನ್ನು ಸರಿಸಮಾನರಾಗಿ ಕಂಡರೇ ಎಂಬ ಪ್ರಶ್ನೆ ಮಾತ್ರ ಅವರನ್ನು ಇಂದಿಗೂ ಬಿಟ್ಟಿಲ್ಲ.

ಮೂವತ್ತಕ್ಕೆ ಮತ್ತೆ ವಿದ್ಯಾರ್ಥಿ

ಶ್ವೈಟ್ಜರ್ ಹುಟ್ಟಿದ್ದು 1875ರ ಜನವರಿ 14ರಂದು, ಆಗ ಜರ್ಮನಿಯ ವಶದಲ್ಲಿದ್ದ ಅಲ್ಸಾಸ್ ಪ್ರಾಂತ್ಯದಲ್ಲಿ. ತಂದೆ ಚರ್ಚಿನ ಪಾದ್ರಿ. ಮೂವತ್ತು ತುಂಬುವ ಹೊತ್ತಿಗೆ ಮಗ ಧರ್ಮಶಾಸ್ತ್ರದ ಪಂಡಿತ, ಹೆಸರಾಂತ ಆರ್ಗನ್ ವಾದಕ, ಸಂಗೀತಗಾರ ಬಾಖ್ ಬಗ್ಗೆ ಪುಸ್ತಕ ಬರೆದ ಲೇಖಕ. ಮೂವತ್ತರವರೆಗೆ ವಿದ್ಯೆ ಮತ್ತು ಕಲೆಗಾಗಿ, ಆಮೇಲೆ ಜನರ ಸೇವೆಗಾಗಿ ಬದುಕಬೇಕು ಎಂದು ಅವರು 21ನೇ ವಯಸ್ಸಿಗೇ ನಿರ್ಧರಿಸಿದ್ದರು.

1904ರಲ್ಲಿ ಪ್ಯಾರಿಸ್ ಮಿಷನ್ ಸಂಸ್ಥೆಯ ಪತ್ರಿಕೆಯೊಂದು ಕಣ್ಣಿಗೆ ಬಿತ್ತು. ಗ್ಯಾಬನ್‌ನಲ್ಲಿ ಕೆಲಸಕ್ಕೆ ಜನವಿಲ್ಲ ಎಂಬ ಬರಹ ಅದರಲ್ಲಿತ್ತು. ಮರುವರ್ಷ ಅವರು ಸ್ಟ್ರಾಸ್‌ಬರ್ಗ್‌ನಲ್ಲಿ ವೈದ್ಯಕೀಯ ಓದಲು ಸೇರಿಕೊಂಡರು. ಮನೆಯವರು, ಗೆಳೆಯರು ಬೇಡವೆಂದರೂ ಕೇಳಲಿಲ್ಲ.

ಅಡ್ಡಿ ಮಿಷನ್ ಕಡೆಯಿಂದಲೂ ಬಂತು. ಯೇಸುವಿನ ಬಗ್ಗೆ ಅವರು ಬರೆದಿದ್ದ ವಿಚಾರಗಳು ಸಂಪ್ರದಾಯಸ್ಥರಿಗೆ ಹಿಡಿಸಿರಲಿಲ್ಲ. ಕೊನೆಗೆ, ವೈದ್ಯನಾಗಿ ಮಾತ್ರ ಕೆಲಸ ಮಾಡುತ್ತೇನೆ, ಬೋಧನೆ ಮಾಡುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಒಪ್ಪಿಗೆ ಸಿಕ್ಕಿತು. ಆಫ್ರಿಕಾ ತಲುಪಿದ ಮೇಲೆ ಅಲ್ಲಿನ ಮಿಷನರಿಗಳೇ ಆ ಷರತ್ತನ್ನು ಸಡಿಲಿಸಿದರು.

ಕೋಳಿಗೂಡಿನಲ್ಲಿ ಶುರುವಾದ ದವಾಖಾನೆ

1912ರಲ್ಲಿ ಹೆಲೆನ್ ಬ್ರೆಸ್ಲಾವ್ ಅವರೊಂದಿಗೆ ಮದುವೆಯಾಯಿತು. ಗಂಡನ ಜೊತೆ ಹೋಗಲೆಂದೇ ಹೆಲೆನ್ ನರ್ಸಿಂಗ್ ಕಲಿತಿದ್ದರು. 1913ರ ಏಪ್ರಿಲ್‌ನಲ್ಲಿ ಇಬ್ಬರೂ ಒಗೊವೇ ನದಿ ದಂಡೆಯ ಲಾಂಬರೆನೆ ತಲುಪಿದರು. ಆಸ್ಪತ್ರೆ ಕಟ್ಟಡ ಇನ್ನೂ ಎದ್ದಿರಲಿಲ್ಲ. ರೋಗಿಗಳು ಮಾತ್ರ ದೋಣಿಗಳಲ್ಲಿ ಬರತೊಡಗಿದ್ದರು. ಹಳೆಯ ಕೋಳಿಗೂಡಿಗೆ ಸುಣ್ಣ ಬಳಿದು ಚಿಕಿತ್ಸೆ ಶುರು ಮಾಡಿದರು. ಸೂರಿನ ತೂತುಗಳಿಂದ ಬಿಸಿಲು ಇಳಿಯುತ್ತಿದ್ದುದರಿಂದ ಒಳಗೂ ಟೋಪಿ ತೆಗೆಯುವಂತಿರಲಿಲ್ಲ.

ಮೊದಲ ಒಂಬತ್ತು ತಿಂಗಳಲ್ಲೇ ಸುಮಾರು 2,000 ರೋಗಿಗಳು ಬಂದರು. ಮಲೇರಿಯಾ, ಕುಷ್ಠ, ನಿದ್ರಾರೋಗ, ಆಮಶಂಕೆ, ಹರ್ನಿಯಾ, ವಾಸಿಯಾಗದ ಹುಣ್ಣುಗಳು. ಪ್ರತಿ ರೋಗಿಗೂ ಸಂಖ್ಯೆ ಬರೆದ ರಟ್ಟಿನ ಬಿಲ್ಲೆ ಕೊಟ್ಟು, ಅದೇ ಸಂಖ್ಯೆಯಡಿ ಪುಸ್ತಕದಲ್ಲಿ ವಿವರ ದಾಖಲಿಸುತ್ತಿದ್ದರು. ಹೆಲೆನ್ ಬ್ಯಾಂಡೇಜು ಒಗೆಯುವುದರಿಂದ ಹಿಡಿದು ಶಸ್ತ್ರಚಿಕಿತ್ಸೆ ವೇಳೆ ಅರಿವಳಿಕೆ ಕೊಡುವವರೆಗೆ ಎಲ್ಲವನ್ನೂ ನೋಡಿಕೊಂಡರು.

ಭಾಷೆ ಬಾರದ ಡಾಕ್ಟರ್‌ಗೆ ದುಭಾಷಿಯಾಗಿ ಸಿಕ್ಕವರು ಸ್ಥಳೀಯರಾದ ಜೋಸೆಫ್. ಹಿಂದೆ ಅಡುಗೆ ಕೆಲಸ ಮಾಡಿದ್ದ ಅವರು ರೋಗಿಗಳ ದೇಹದ ಭಾಗಗಳನ್ನು ಮಾಂಸದಂಗಡಿಯ ಹೆಸರುಗಳಲ್ಲೇ ವಿವರಿಸುತ್ತಿದ್ದರು. ಜೋಸೆಫ್ ಇಲ್ಲದಿದ್ದರೆ ಆ ಮೊದಲ ವರ್ಷ ನಡೆಯುವುದೇ ಕಷ್ಟವಿತ್ತು.

ರೋಗಿಯೊಬ್ಬರೇ ಬರುವ ಪದ್ಧತಿ ಅಲ್ಲಿರಲಿಲ್ಲ. ಜೊತೆಗೆ ಮನೆಮಂದಿ ಬರುತ್ತಿದ್ದರು, ಅಂಗಳದಲ್ಲೇ ಒಲೆ ಹೂಡಿ ಅಡುಗೆ ಮಾಡುತ್ತಿದ್ದರು. ಬೇರೆ ಬುಡಕಟ್ಟಿನವರು ಬೇಯಿಸಿದ್ದನ್ನು ಉಣ್ಣಲು ಹಿಂಜರಿಯುವವರೂ ಇದ್ದರು. ಶ್ವೈಟ್ಜರ್ ಈ ವ್ಯವಸ್ಥೆಯನ್ನು ಕೊನೆಯವರೆಗೂ ಬದಲಿಸಲಿಲ್ಲ. ಹಾಗಾಗಿ ಅದು ಆಸ್ಪತ್ರೆಗಿಂತ ಒಂದು ಹಳ್ಳಿಯಂತೆಯೇ ಇತ್ತು.

ಸಂಜೆ ಬಿಡುವಾದರೆ ಪಿಯಾನೊ. ಪ್ಯಾರಿಸ್‌ನ ಬಾಖ್ ಸೊಸೈಟಿ ಕೊಟ್ಟ ಆ ವಾದ್ಯಕ್ಕೆ ಆರ್ಗನ್‌ನಂತೆ ಕಾಲಿನ ಪೆಡಲ್‌ಗಳಿದ್ದವು. ಗೆದ್ದಲು ತಿನ್ನದಿರಲೆಂದು ಸತುವಿನ ತಗಡು ಹೊದಿಸಿದ್ದರು.

ನದಿಯ ನಡುವೆ ಸಿಕ್ಕ ಉತ್ತರ

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಫ್ರೆಂಚರ ವಸಾಹತಿನಲ್ಲಿದ್ದ ಈ ಜರ್ಮನ್ ಪ್ರಜೆಗಳು ಕಾವಲಿನಲ್ಲಿ ಬದುಕಬೇಕಾಯಿತು. ನಾಗರಿಕತೆ ಏಕೆ ಕುಸಿಯಿತು ಎಂದು ಶ್ವೈಟ್ಜರ್ ಬರೆಯತೊಡಗಿದರು. 1915ರ ಸೆಪ್ಟೆಂಬರ್‌ನಲ್ಲಿ ಮಿಷನರಿಯೊಬ್ಬರ ಪತ್ನಿಯ ಚಿಕಿತ್ಸೆಗೆಂದು ದೋಣಿಯಲ್ಲಿ ಹೊರಟಿದ್ದಾಗ, ಮೂರನೆಯ ದಿನ ಸೂರ್ಯಾಸ್ತದ ವೇಳೆಗೆ ದೋಣಿ ನೀರಾನೆಗಳ ಹಿಂಡಿನ ನಡುವೆ ಸಾಗುತ್ತಿತ್ತು. ಆಗಲೇ ಅವರ ಇಡೀ ತತ್ವಕ್ಕೆ ಹೆಸರು ಸಿಕ್ಕಿದ್ದು: ಜೀವಗೌರವ.

1917ರಲ್ಲಿ ದಂಪತಿಯನ್ನು ಫ್ರಾನ್ಸ್‌ಗೆ ಒಯ್ದು ಬಂಧನ ಶಿಬಿರಗಳಲ್ಲಿ ಇಟ್ಟರು. ಮರುವರ್ಷ ಬಿಡುಗಡೆಯಾಯಿತು. 1919ರ ಜನವರಿ 14ರಂದು, ತಂದೆಯ ಹುಟ್ಟುಹಬ್ಬದ ದಿನವೇ, ಮಗಳು ರೆನಾ ಹುಟ್ಟಿದಳು. 1924ರಲ್ಲಿ ಶ್ವೈಟ್ಜರ್ ಮತ್ತೆ ಲಾಂಬರೆನೆಗೆ ಹೊರಟರು. ಆರೋಗ್ಯ ಕೆಟ್ಟಿದ್ದ ಹೆಲೆನ್ ಪುಟ್ಟ ಮಗಳೊಂದಿಗೆ ಯುರೋಪಿನಲ್ಲೇ ಉಳಿದರು. ಆ ತ್ಯಾಗದ ಭಾರದಲ್ಲಿ ಹೆಚ್ಚಿನ ಪಾಲು ಹೊತ್ತವರು ಹೆಲೆನ್ ಎನ್ನಬೇಕು.

ಗುಂಡಿಯೊಳಗಿನ ಕಪ್ಪೆ

ಹಳೆಯ ಕಟ್ಟಡಗಳನ್ನು ಕಾಡು ನುಂಗಿತ್ತು. ಬರ, ಆಮಶಂಕೆ ಒಟ್ಟಿಗೆ ಬಂದು ರೋಗಿಗಳು ತುಂಬಿಹೋದಾಗ ನದಿಯ ಮೇಲ್ಭಾಗದಲ್ಲಿ ಸುಮಾರು 3 ಕಿಲೋಮೀಟರ್ ದೂರದ ಹೊಸ ಜಾಗದಲ್ಲಿ ಆಸ್ಪತ್ರೆ ಕಟ್ಟಿ 1927ರಲ್ಲಿ ಸ್ಥಳಾಂತರಿಸಿದರು. ಕಂಬ ನಿಲ್ಲಿಸುವ ಮೊದಲು ಗುಂಡಿಯಲ್ಲಿ ಕಪ್ಪೆ, ಇರುವೆ ಬಿದ್ದಿವೆಯೇ ಎಂದು ನೋಡಿ ಎತ್ತಿ ಹೊರಬಿಡುತ್ತಿದ್ದರು. ಎಣ್ಣೆತಾಳೆ ಮರಗಳನ್ನು ಕಡಿಯುವ ಬದಲು ಬೇರುಸಮೇತ ಕಿತ್ತು ಬೇರೆಡೆ ನೆಟ್ಟರು.

ಕೋತಿಗಳ ಜೊತೆ ಜಿಂಕೆಜಾತಿಯ ಪ್ರಾಣಿಗಳು, ಆಡು, ನಾಯಿ, ಗಿಳಿ ಎಲ್ಲವೂ ಅಲ್ಲಿದ್ದವು. ಪಾರ್ಸಿಫಲ್ ಎಂಬ ಪೆಲಿಕನ್ ಹಕ್ಕಿ ರಾತ್ರಿ ಅವರ ಬಾಗಿಲು ಕಾಯುತ್ತಿತ್ತು. ತೋಳಿನ ಮೇಲೆ ಬೆಕ್ಕು ನಿದ್ದೆಹೋದರೆ ಡಾಕ್ಟರ್ ಆ ಕೈಯನ್ನು ಅಲ್ಲಾಡಿಸದೆ ಇನ್ನೊಂದು ಕೈಯಲ್ಲಿ ಬರೆಯುತ್ತಿದ್ದರು.

ಆದರೆ ಇದು ಸುಲಭದ ಕರುಣೆಯಲ್ಲ ಎಂಬುದು ಅವರಿಗೇ ಗೊತ್ತಿತ್ತು. ಹಾವುಗಳಿಗಾಗಿ, ಮುಂಬಾಗಿಲ ಮರದ ಗೂಡುಗಳಿಗೆ ಎರಗುವ ಹದ್ದುಗಳಿಗಾಗಿ ಅವರ ಬಳಿ ಬಂದೂಕಿತ್ತು. ಮೀನುಹದ್ದಿನ ಮರಿಯೊಂದನ್ನು ಹಣ ಕೊಟ್ಟು ಬಿಡಿಸಿಕೊಂಡ ಮೇಲೆ, ಅದನ್ನು ಉಳಿಸಲು ದಿನವೂ ಪುಟ್ಟ ಮೀನುಗಳನ್ನು ಕೊಲ್ಲಬೇಕಾಯಿತು. ನಿದ್ರಾರೋಗದ ಔಷಧ ಬಂದಾಗ ಸಂತೋಷಪಟ್ಟ ಅವರಿಗೆ, ಸೂಕ್ಷ್ಮದರ್ಶಕದಡಿಯ ರೋಗಾಣುವೂ ಒಂದು ಜೀವವೆಂಬುದು ನೆನಪಿರುತ್ತಿತ್ತು. ಕೊಲ್ಲದೆ ಬದುಕಲಾಗದು, ಆದರೆ ಅನಿವಾರ್ಯವಿಲ್ಲದೆ ಕೊಲ್ಲಬಾರದು ಎಂಬುದು ಅವರ ನಿಲುವು.

ಭಾರತದ ಅಹಿಂಸೆಯನ್ನೂ ಅವರು ಅಧ್ಯಯನ ಮಾಡಿದರು. 1930ರ ದಶಕದಲ್ಲಿ ಭಾರತೀಯ ಚಿಂತನೆ ಕುರಿತ ಅವರ ಪುಸ್ತಕ ಬಂತು. ಜೈನರ ಅಹಿಂಸಾ ತತ್ವವನ್ನು ಅವರು ತುಂಬ ದೊಡ್ಡದೆಂದು ಮೆಚ್ಚಿದರು. ಆದರೆ ಕೊಲ್ಲದಿದ್ದರಷ್ಟೇ ಸಾಲದು, ಕೈಚಾಚಿ ನೆರವಾಗಬೇಕು ಎಂದು ವಾದಿಸಿದರು. ಭಾರತದ ಚಿಂತನೆ ಲೋಕಕ್ಕೆ ಬೆನ್ನು ತಿರುಗಿಸುತ್ತದೆ ಎಂಬ ಅವರ ಅಭಿಪ್ರಾಯವನ್ನು ಸರ್ವಪಲ್ಲಿ ರಾಧಾಕೃಷ್ಣನ್ ಒಪ್ಪದೆ ಉತ್ತರ ಬರೆದರು.

ಅಣ್ಣನಾಗಿಯೇ ಉಳಿದರು

ನೊಬೆಲ್ ಹಣ ಕುಷ್ಠರೋಗಿಗಳ ಹಳ್ಳಿ ಕಟ್ಟಲು ಹೋಯಿತು. 1957ರಲ್ಲಿ ಓಸ್ಲೊ ರೇಡಿಯೊ ಮೂಲಕ ಅವರು ಅಣ್ವಸ್ತ್ರ ಪರೀಕ್ಷೆಗಳ ವಿರುದ್ಧ ಜಗತ್ತಿಗೆ ಮನವಿ ಮಾಡಿದರು. ಅದೇ ವರ್ಷ ಹೆಲೆನ್ ತೀರಿಕೊಂಡರು.

ಟೀಕೆಗಳೂ ಆ ಹೊತ್ತಿಗೆ ಜೋರಾದವು. ವಾರ್ಡ್‌ಗಳಲ್ಲಿ ವಿದ್ಯುತ್ ಇರಲಿಲ್ಲ, ಪ್ರಾಣಿಗಳು ಎಲ್ಲೆಂದರಲ್ಲಿ ಓಡಾಡುತ್ತಿದ್ದವು. ಅದಕ್ಕಿಂತ ಗಂಭೀರವಾದದ್ದು ಅವರ ಮನೋಭಾವ. ಆಫ್ರಿಕನ್ನರು ಸಹೋದರರೇ, ಆದರೆ ತಾನು ಅಣ್ಣ ಎಂದು ಅವರು ಬರೆದಿದ್ದರು. ಡಾಕ್ಟರ್‌ಗಳು, ನರ್ಸ್‌ಗಳು ಹೆಚ್ಚಾಗಿ ಯುರೋಪಿನಿಂದಲೇ ಬರುತ್ತಿದ್ದರು. 1960ರಲ್ಲಿ ಗ್ಯಾಬನ್ ಸ್ವತಂತ್ರವಾದರೂ ಆಸ್ಪತ್ರೆಯ ಕೊನೆಯ ಮಾತು ಮುದುಕ ಡಾಕ್ಟರದ್ದೇ ಆಗಿತ್ತು. ಜೀವಗಳಲ್ಲಿ ಮೇಲು ಕೀಳು ಇಲ್ಲವೆಂದು ಸಾರಿದ ಅವರಿಗೆ, ಪಕ್ಕದಲ್ಲೇ ದುಡಿಯುವ ಮನುಷ್ಯನನ್ನು ತಮ್ಮನೆಂದಲ್ಲದೆ ಸರಿಸಮಾನನೆಂದು ಕಾಣುವುದು ಕಷ್ಟವಾಯಿತು.

ಇಷ್ಟಾದರೂ ದೋಣಿಗಳು ಬರುವುದು ನಿಲ್ಲಲಿಲ್ಲ. ಕಾಯಿಲೆಯವರನ್ನು ಹೊತ್ತು ತಂದವರಿಗೆ ಅಲ್ಲಿ ಔಷಧ, ಒಲೆ ಹೂಡಲು ಜಾಗ ಎರಡೂ ಸಿಗುತ್ತಿದ್ದವು. 1965ರ ಸೆಪ್ಟೆಂಬರ್ 4ರಂದು, 90ನೇ ವಯಸ್ಸಿನಲ್ಲಿ ಶ್ವೈಟ್ಜರ್ ಲಾಂಬರೆನೆಯಲ್ಲೇ ಕೊನೆಯುಸಿರೆಳೆದರು. ನದಿ ಬಳಿ, ಹೆಲೆನ್ ಚಿತಾಭಸ್ಮ ಹೂತ ಜಾಗದ ಪಕ್ಕದಲ್ಲೇ ಅವರ ಸಮಾಧಿಯಿದೆ.

1981ರಲ್ಲಿ ಹೊಸ ಆಸ್ಪತ್ರೆ ಆರಂಭವಾಯಿತು. ಅವರು ಕಟ್ಟಿದ ಹಳೆಯ ಮರದ ಮನೆಗಳು ಈಗ ಮ್ಯೂಸಿಯಂ. ರೋಗಿಗಳು ಮಾತ್ರ ಇಂದಿಗೂ ಲಾಂಬರೆನೆಯ ಅದೇ ಹೆಸರಿನ ಆಸ್ಪತ್ರೆಗೆ ಬರುತ್ತಾರೆ.