ಬೇಟೆಗಾರ ಅರಸನ ಕಾಡು

ಜಯಚಾಮರಾಜ ಒಡೆಯರ್ ಅಂದ ಕೂಡಲೇ ದಸರಾ ಅಂಬಾರಿ, ಅವರು ರಚಿಸಿದ 94 ಸಂಗೀತ ಕೃತಿಗಳು ನೆನಪಾಗುತ್ತವೆ. ಕಾಡು ನೆನಪಾಗೋದು ಕಡಿಮೆ. ದೇವನಹಳ್ಳಿ ತಾಲ್ಲೂಕಿನ ನಮ್ಮ ವಿಜಯಪುರದಲ್ಲಂತೂ ಬದುಕು ರೇಷ್ಮೆಗೂಡಿನ ರೇಟಿನ ಸುತ್ತ ತಿರುಗುತ್ತೆ. ಹುಲಿ, ಆನೆ ಟಿವಿಯಲ್ಲಿ ಕಾಣೋ ಪ್ರಾಣಿಗಳು. ಆದರೂ ವನ್ಯಜೀವಿ ರಕ್ಷಣೆಗೆ ಆಫ್ರಿಕಾ ನೋಡಿ ಅನ್ನುವವರು ಮೊದಲು ಈ ಅರಸನ ಕಥೆ ಓದಬೇಕು.

1919ರಲ್ಲಿ ಹುಟ್ಟಿದ ಅವರಿಗೆ 1940ರಲ್ಲಿ ಪಟ್ಟವಾದಾಗ ಬರೀ 21 ವರ್ಷ. ಬಂಡೀಪುರ ಅರಮನೆಯ ಬೇಟೆಕಾಡಾಗಿತ್ತು. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1931ರಲ್ಲಿ, ಅದರ 90 ಚದರ ಕಿ.ಮೀ.ಗೆ ಮಾತ್ರ ರಕ್ಷಣೆ ಸಿಕ್ಕಿತ್ತು. ಆನೆ ಹಿಂಡು ಅಷ್ಟರಲ್ಲಿ ಎಲ್ಲಿಗೆ ಸಾಕು? 1941ರಲ್ಲಿ ಅದು ಸುಮಾರು 800 ಚದರ ಕಿ.ಮೀ.ಗೆ ಹಿಗ್ಗಿ, ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವಾಯಿತು. ಪಕ್ಷಿತಜ್ಞ ಸಲೀಂ ಅಲಿ ಸಲಹೆಯಂತೆ ರಂಗನತಿಟ್ಟು ಪಕ್ಷಿಧಾಮ ಆಗಿದ್ದೂ 1940ರಲ್ಲೇ.

ಅರಸರು ಸ್ವತಃ ಬೇಟೆಗಾರರು. ಕಾಕನಕೋಟೆಯಲ್ಲಿ ಆನೆ ಹಿಡಿಯುವ ಖೆಡ್ಡಾಗಳೂ ಅವರ ಕಾಲದಲ್ಲಿ ನಡೆದವು. ಇದನ್ನು ಮುಚ್ಚಿಟ್ಟು ಅವರನ್ನು ಸಂತ ಮಾಡೋದು ಬೇಡ. ಬೇಟೆಗಾಗಿ ಕಾಯ್ದಿಟ್ಟಿದ್ದರಿಂದಲೇ ಆ ಕಾಡು ಉಳಿದಿತ್ತು ಅನ್ನೋದೂ ನಿಜ.

ಕಷ್ಟ ಶುರುವಾಗಿದ್ದು 1947ರ ನಂತರ. ಅರಮನೆಯ ಭಯ ಹೋಯ್ತು. ಜೀಪು, ಬಂದೂಕು ಇದ್ದವರಿಗೆಲ್ಲ ಕಾಡು ತೆರೆದಂತಾಯ್ತು. 1952ರಲ್ಲಿ ಕೇಂದ್ರ ಸರ್ಕಾರ ಭಾರತೀಯ ವನ್ಯಜೀವಿ ಮಂಡಳಿ ರಚಿಸಿ, ಇವರನ್ನೇ ಅಧ್ಯಕ್ಷರನ್ನಾಗಿ ಮಾಡಿತು. ಮೊದಲ ಸಭೆ ಮೈಸೂರಿನಲ್ಲೇ ನಡೆಯಿತು. ಚೀತಾ ನಮ್ಮ ದೇಶದಲ್ಲಿ ಅಳಿಯಿತು ಅಂತ ಘೋಷಣೆಯಾದ ವರ್ಷವೂ ಅದೇ. ಆದರೆ ಮಂಡಳಿಗಿದ್ದದ್ದು ಸಲಹೆ ಕೊಡುವ ಅಧಿಕಾರ ಮಾತ್ರ. ಒಂದು ಆಜ್ಞೆಯಲ್ಲಿ ಉದ್ಯಾನ ಮಾಡಿದವರು ಈಗ ಶಿಫಾರಸು ಬರೆದು ಕಾಯಬೇಕಾಯ್ತು. ಇಡೀ ದೇಶಕ್ಕೆ ಅನ್ವಯಿಸುವ ವನ್ಯಜೀವಿ ಕಾಯ್ದೆ ಬರಲು 1972 ಆಯ್ತು. ಮರುವರ್ಷ ಹುಲಿ ಯೋಜನೆಯ ಮೊದಲ ಒಂಬತ್ತು ತಾಣಗಳಲ್ಲಿ ಬಂಡೀಪುರವೂ ಸೇರಿತು.

ಗೆಲುವು ದೊಡ್ಡದೇ. ಆದರೆ ಒಂದು ಲೆಕ್ಕ ಬಾಕಿ ಉಳಿಯಿತು. ಕೀನ್ಯಾದ ಮಸಾಯಿ ಮಾರಾ ಸುತ್ತಲ ಧಾಮಗಳಲ್ಲಿ ಮಸಾಯಿ ಕುಟುಂಬಗಳೇ ಭೂಮಾಲೀಕರು. ಪ್ರವಾಸೋದ್ಯಮದ ಕಂಪನಿಗಳು ಅವರಿಗೆ ಬಾಡಿಗೆ ಕೊಡುತ್ತವೆ. ಅದೇನೂ ಸ್ವರ್ಗವಲ್ಲ, 2020ರಲ್ಲಿ ಕೊರೊನಾದಿಂದ ಪ್ರವಾಸಿಗರು ನಿಂತಾಗ ಬಾಡಿಗೆಗೂ ಕತ್ತರಿ ಬಿತ್ತು. ಆದರೂ ಅಲ್ಲಿ ಕಾಡಿನ ಜನ ಕರಾರಿನ ಒಂದು ಪಕ್ಷ. ನಮ್ಮಲ್ಲಿ ಜೇನುಕುರುಬರು, ಕಾಡುಕುರುಬರು ಅರಸರ ಕಾಲದಲ್ಲಿ ಕಾಡಿನ ದಾರಿ ತೋರಿದರು, ಆನೆ ಪಳಗಿಸಿದರು. ಹುಲಿ ಯೋಜನೆ ಬಂದ ಮೇಲೆ ಹಾಡಿ ಬಿಟ್ಟು ಹೊರಬಂದರು. ಅರಸರೂ ಅವರನ್ನು ಪಾಲುದಾರರನ್ನಾಗಿ ಮಾಡಿರಲಿಲ್ಲ, ಸರ್ಕಾರವೂ ಮಾಡಲಿಲ್ಲ.

ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಒಡೆಯರ್ ತೀರಿಕೊಂಡಿದ್ದು 1974ರ ಸೆಪ್ಟೆಂಬರ್ 23ರಂದು, 55ನೇ ವಯಸ್ಸಿನಲ್ಲಿ. ಕಬಿನಿ ಅಣೆಕಟ್ಟು ಮುಗಿದಿದ್ದೂ ಅದೇ ವರ್ಷ. ಖೆಡ್ಡಾ ನಡೆಯುತ್ತಿದ್ದ ಕಾಕನಕೋಟೆಯ ಕಾಡು ಅದರ ಹಿನ್ನೀರಿನಲ್ಲಿ ಮುಳುಗಿತು.