ಫ್ಯಾರಡೆಯ ಕೆಂಪು ಬಾಟಲಿ

ಫ್ಯಾರಡೆ ಹೆಸರು ಕೇಳಿದ್ರೆ ನಮಗೆಲ್ಲ ಮೊದಲು ನೆನಪಾಗೋದು ಕಾಯಿಲ್, ಮ್ಯಾಗ್ನೆಟ್, ಗ್ಯಾಲ್ವನೋಮೀಟರ್. ಪಿಯುಸಿಯಲ್ಲಿ ಇಂಡಕ್ಷನ್ ನಿಯಮ ಬರೆದು ಮಾರ್ಕ್ಸ್ ತಗೊಂಡಿದ್ದೇವೆ. ಆದರೆ ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡು, ಆ ಪುಟ್ಟ ಕಿಟ್ ಮೇಲೆ ಒಂದು ಗೆರೆ ಬರುತ್ತೋ ಎರಡು ಬರುತ್ತೋ ಅಂತ ಉಸಿರು ಬಿಗಿಹಿಡಿದು ಕೂತಿದ್ದೆವಲ್ಲ, ಆ ಗೆರೆಯ ನಸುಗೆಂಪು ಬಣ್ಣದ ಹಿಂದೆಯೂ ಇದೇ ಮನುಷ್ಯ ಇದ್ದಾರೆ.

ಮೈಕೆಲ್ ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಈಗ ಲಂಡನ್ನಿನೊಳಗೇ ಸೇರಿಹೋಗಿರುವ ನ್ಯೂವಿಂಗ್ಟನ್‌ನಲ್ಲಿ. ಅಪ್ಪ ಕಮ್ಮಾರ, ಆರೋಗ್ಯ ಅಷ್ಟಕ್ಕಷ್ಟೆ. ಓದು, ಬರಹ, ಒಂದಿಷ್ಟು ಲೆಕ್ಕ ಬರುವಷ್ಟರಲ್ಲಿ ಶಾಲೆ ಮುಗಿದಿತ್ತು. 14ನೇ ವಯಸ್ಸಿಗೆ ರೀಬೋ ಎಂಬುವರ ಅಂಗಡಿಯಲ್ಲಿ ಪುಸ್ತಕಕ್ಕೆ ಬೈಂಡ್ ಹಾಕುವ ಕೆಲಸ. ಬೈಂಡಿಂಗಿಗೆ ಬಂದ ಪುಸ್ತಕಗಳೇ ಅವರ ಕಾಲೇಜು. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್ ಹಿಡಿದು ರಾಯಲ್ ಇನ್‌ಸ್ಟಿಟ್ಯೂಷನ್‌ಗೆ ಹೋಗಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿದರು. ನೋಟ್ಸ್ ತಿದ್ದಿ ಬರೆದು, ತಾವೇ ಬೈಂಡ್ ಮಾಡಿ ಡೇವಿಗೆ ಕಳಿಸಿದರು. (ನಾವು ನೋಟ್ಸನ್ನು ಪರೀಕ್ಷೆಯ ಹಿಂದಿನ ದಿನ ಜೆರಾಕ್ಸ್ ಮಾಡಿಸ್ತೀವಿ, ಆ ಮಾತು ಬಿಡಿ.) 1813ರ ಮಾರ್ಚ್‌ನಲ್ಲಿ ಅಲ್ಲೇ ಲ್ಯಾಬ್ ಅಸಿಸ್ಟೆಂಟ್ ಆದರು.

ಮುಂದಿನದು ಟೆಕ್ಸ್ಟ್‌ಬುಕ್ಕಿನಲ್ಲೇ ಇದೆ: 1825ರಲ್ಲಿ ಬೆಂಜೀನ್, 1831ರಲ್ಲಿ ಇಂಡಕ್ಷನ್. ಅಲ್ಲಿ ಇಲ್ಲದ್ದು, 1840ರ ಹೊತ್ತಿಗೆ ಅವರನ್ನು ಹಿಡಿದ ಕಾಯಿಲೆ. ತಲೆಸುತ್ತು, ಜೊತೆಗೆ ಮರೆವು. ಕೆಲವು ವರ್ಷ ಸಂಶೋಧನೆ ಹೆಚ್ಚುಕಡಿಮೆ ನಿಂತೇ ಹೋಯ್ತು. 1845ರಲ್ಲಿ ಮತ್ತೆ ದೊಡ್ಡ ಕೆಲಸ ಮಾಡಿದರು, ಆದರೆ ಮರೆವು ಬಿಡಲಿಲ್ಲ. ಪ್ರತಿ ಪ್ಯಾರಾಕ್ಕೂ ನಂಬರ್ ಹಾಕಿ ಲ್ಯಾಬ್ ಡೈರಿ ಬರೆಯುವ ಹಳೇ ಅಭ್ಯಾಸವೇ ಅವರ ಕೈಹಿಡಿಯಿತು.

ಅಂಥ ಸ್ಥಿತಿಯಲ್ಲಿ, 1856ರಲ್ಲಿ, 64ರ ವಯಸ್ಸಿನಲ್ಲಿ, ಚಿನ್ನಕ್ಕೆ ಕೈ ಹಾಕಿದರು. ಚಿನ್ನವನ್ನು ಬಡಿದು ಬಡಿದು ಬೆಳಕಿನ ತರಂಗಕ್ಕಿಂತ ತೆಳುವಾದ ರೇಕು ಮಾಡಬಹುದು, ಅದರ ಮೂಲಕ ನೋಡಿದರೆ ಬೆಳಕು ಹಸಿರಾಗಿ ಕಾಣುತ್ತೆ. ಅಷ್ಟು ತೆಳು ಲೋಹ ಬೆಳಕಿಗೆ ಏನು ಮಾಡುತ್ತೆ ಅನ್ನೋದು ಅವರ ಪ್ರಶ್ನೆ. ಇನ್ನೂ ತೆಳುವಾದ ಪದರ ಬೇಕಾಗಿ, ಚಿನ್ನದ ಲವಣದ ದ್ರಾವಣದ ಮೇಲೆ ರಂಜಕದಿಂದ ಪದರ ಕಟ್ಟಿಸಿದರು. ಪದರಗಳನ್ನು ತೊಳೆದಾಗ ನೀರು ಮಾಣಿಕ್ಯದಂತೆ ನಸುಗೆಂಪಾಗಿತ್ತು. ನಾವಾಗಿದ್ರೆ ಸೀದಾ ಸಿಂಕಿಗೆ. ಅವರು ಎತ್ತಿಟ್ಟುಕೊಂಡರು.

ನೋಡೋದಕ್ಕೆ ಅದು ತಿಳಿಯಾದ ದ್ರಾವಣ. ಆದರೆ ಬೆಳಕಿನ ಕಿರಣ ಹಾಯಿಸಿದಾಗ ಕಿರಣದ ದಾರಿ ಒಳಗೆ ಹೊಳೆಯಿತು, ಧೂಳಿನ ಕೋಣೆಯಲ್ಲಿ ಬಿಸಿಲುಕೋಲು ಕಾಣುವ ಹಾಗೆ. ಅಂದ್ರೆ ಚಿನ್ನ ಕರಗಿಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ತೇಲುತ್ತಿದೆ. ಒಂದು ಚಿಟಿಕೆ ಉಪ್ಪು ಹಾಕಿದರೆ ಕೆಂಪು ಹೋಗಿ ನೀಲಿ. ಆದರೆ ಮೊದಲೇ ಸ್ವಲ್ಪ ಜೆಲ್ಲಿ ಸೇರಿಸಿಟ್ಟರೆ ಉಪ್ಪಿಗೂ ಬಣ್ಣ ಜಗ್ಗುತ್ತಿರಲಿಲ್ಲ. ಲೋಹ ಅದೇ, ಕಣದ ಗಾತ್ರ ಬದಲಾದರೆ ಬಣ್ಣ ಬದಲಾಗುತ್ತೆ ಅನ್ನೋದು ಅವರಿಗೆ ಹೊಳೆದಿತ್ತು. ಸಮೀಕರಣ ಬರೆಯುವ ಗಣಿತ ಅವರಿಗೆ ಬರುತ್ತಿರಲಿಲ್ಲ, ಆ ಕಣ ತೋರಿಸುವ ಮೈಕ್ರೋಸ್ಕೋಪು ಆಗ ಯಾರ ಹತ್ತಿರವೂ ಇರಲಿಲ್ಲ. 1857ರ ಫೆಬ್ರವರಿ 5ರಂದು ರಾಯಲ್ ಸೊಸೈಟಿಯಲ್ಲಿ ಇದನ್ನೆಲ್ಲ ಮಂಡಿಸಿದರು. ಬೆಳಕಿನ ಬಗ್ಗೆ ಅವರು ಹುಡುಕಿ ಹೊರಟ ಉತ್ತರ ಮಾತ್ರ ಸಿಕ್ಕಿರಲಿಲ್ಲ. ಇಂಡಕ್ಷನ್‌ಗಿಂತ ಈ ಕೆಲಸವೇ ಅವರ ತಾಳ್ಮೆಗೆ ಹೆಚ್ಚಿನ ಸಾಕ್ಷಿ ಅಂತ ನಮಗನಿಸುತ್ತೆ.

ಕಣಗಳು ಬೆಳಕಿನ ಚುಕ್ಕಿಗಳಾಗಿ ಕಂಡಿದ್ದು 1903ರ ಹೊತ್ತಿಗೆ, ಜಿಗ್ಮಂಡಿಯ ಅಲ್ಟ್ರಾಮೈಕ್ರೋಸ್ಕೋಪಿನಲ್ಲಿ. ಅವರಿಗೆ 1925ರ ನೊಬೆಲ್ ಸಂದಿತು. ಇಷ್ಟು ಸಣ್ಣ ಚಿನ್ನದ ಕಣದಲ್ಲಿ ಎಲೆಕ್ಟ್ರಾನ್‌ಗಳೆಲ್ಲ ಬೆಳಕಿನ ತಾಳಕ್ಕೆ ಒಟ್ಟಿಗೆ ತೂಗಾಡಿ ಸುಮಾರು 520 ನ್ಯಾನೋಮೀಟರಿನ ಹಸಿರನ್ನು ನುಂಗುತ್ತವೆ, ಉಳಿದದ್ದು ಕೆಂಪಾಗಿ ಕಾಣುತ್ತೆ ಅಂತ ಈಗ ಗೊತ್ತು. ಉಪ್ಪು ಹಾಕಿದರೆ ಕಣಗಳು ಒಂದಕ್ಕೊಂದು ಅಂಟಿ, ನುಂಗುವ ತರಂಗಾಂತರ ಉದ್ದವಾಗಿ, ನೀಲಿ ಬರುತ್ತೆ.

ಈಗ ಕಿಟ್‌ಗೆ ಬನ್ನಿ. ಕೆಲವು ಕಂಪನಿಗಳು ಬಣ್ಣದ ಲೇಟೆಕ್ಸ್ ಮಣಿ ಬಳಸುತ್ತವೆ, ಬಹಳಷ್ಟರಲ್ಲಿ ಇರೋದು ಚಿನ್ನದ ನ್ಯಾನೋಕಣ. ಪ್ರತಿ ಕಣದ ಮೈಗೆ ವೈರಸ್‌ನ ಪ್ರೋಟೀನನ್ನು ಗುರುತಿಸುವ ಆ್ಯಂಟಿಬಾಡಿ ಅಂಟಿಸಿರುತ್ತಾರೆ. ನಾವು ಹಾಕುವ ಹನಿಯಲ್ಲಿ ಉಪ್ಪಿರುತ್ತೆ. ಬರಿಮೈಯ ಕಣಗಳಾಗಿದ್ದರೆ ಅಲ್ಲೇ ಗಂಟುಕಟ್ಟಿ ನೀಲಿಯಾಗುತ್ತಿದ್ದವು. ಆಗದಂತೆ ಕಾಯೋದು ಆ ಪ್ರೋಟೀನ್ ಹೊದಿಕೆ. ಫ್ಯಾರಡೆಯ ಜೆಲ್ಲಿಯೂ ಪ್ರೋಟೀನೇ ಅಲ್ವಾ! ವೈರಸ್ ಇದ್ದರೆ ಅದನ್ನು ಹಿಡಿದ ಕಣಗಳು ಕಾಗದದಲ್ಲಿ ಹರಿದು, ಟಿ ಗೆರೆಯ ಮೇಲಿನ ಇನ್ನೊಂದು ಆ್ಯಂಟಿಬಾಡಿಗೆ ಸಿಕ್ಕಿಬಿದ್ದು ಒಟ್ಟುಗೂಡುತ್ತವೆ. ಬ್ಯಾಟರಿ ಬೇಡ, ಮೀಟರ್ ಬೇಡ, ಕಣ್ಣು ಸಾಕು. ಗರ್ಭಧಾರಣೆಯ ಪರೀಕ್ಷೆಯ ಕಿಟ್ಟೂ ನಡೆಯೋದು ಹೀಗೇ.

ಫ್ಯಾರಡೆ ಸರ್ ಪದವಿಯನ್ನೂ ರಾಯಲ್ ಸೊಸೈಟಿಯ ಅಧ್ಯಕ್ಷತೆಯನ್ನೂ ಬೇಡ ಅಂದವರು. 1858ರಲ್ಲಿ ವಿಕ್ಟೋರಿಯಾ ರಾಣಿ ಹ್ಯಾಂಪ್ಟನ್ ಕೋರ್ಟ್‌ನಲ್ಲಿ ಕೊಟ್ಟ ಮನೆಯನ್ನು ಮಾತ್ರ ಒಪ್ಪಿಕೊಂಡರು. ಮರೆವು ಹೆಚ್ಚುತ್ತಾ ಹೋಗಿ ಒಂದೊಂದೇ ಕೆಲಸ ಬಿಟ್ಟರು. 1867ರ ಆಗಸ್ಟ್ 25ರಂದು ಅಲ್ಲೇ, ತಮ್ಮ ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡರು. ಅವರು ಮಾಡಿಟ್ಟ ಬಾಟಲಿಗಳಲ್ಲಿ ಕೆಲವು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಈಗಲೂ ಇವೆ. ಚಿನ್ನ ಇನ್ನೂ ತಳಕ್ಕಿಳಿದಿಲ್ಲ, ನೀರು ಕೆಂಪಗೇ ಇದೆ.